ಮುದ್ದೆಗೆ ಕಾಳು ಯಾಕೆ ಬೇಕು? ರೇಷ್ಮೆ ಎಳೆ ಹೇಳೋ ಉತ್ತರ

ಜಿಮ್‌ಗೆ ಹೋಗೋರೆಲ್ಲ ಕೇಳೋ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನ್ ತಿನ್ಬೇಕು? ಇವತ್ತು ನಾನು ಕೇಳೋದು ಬೇರೆ. ಯಾವ ಪ್ರೋಟೀನ್?

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆ ಹುಳು ಮನೆ ನೋಡಿದೋರಿಗೆ ಗೊತ್ತಿರುತ್ತೆ. ನಾಲ್ಕನೇ ಜ್ವರ ಎದ್ದ ಹುಳು ಹಿಪ್ಪುನೇರಳೆ ಸೊಪ್ಪನ್ನು ಹಗಲೂ ರಾತ್ರಿ ಮೇಯುತ್ತೆ. ಹಣ್ಣಾದ ಮೇಲೆ ಚಂದ್ರಿಕೆಗೆ ಬಿಟ್ರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತೆ. ಒಂದು ಗೂಡಿನಲ್ಲಿ ಇರೋದು ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ. ಆ ಎಳೆ ಬಹುಪಾಲು ಬರೀ ಪ್ರೋಟೀನ್.

ಪ್ರೋಟೀನ್ ಅಂದ್ರೆ ಅಮೈನೋ ಆಮ್ಲ ಅನ್ನೋ ಮಣಿಗಳನ್ನು ಪೋಣಿಸಿದ ಸರ. ಮಣಿಗಳಲ್ಲಿ 20 ಬಗೆ. ರೇಷ್ಮೆಯ ಒಳ ಎಳೆ ಫೈಬ್ರೋಯಿನ್. ಅದರ ಹತ್ತು ಮಣಿಗಳಲ್ಲಿ ಎಂಟಕ್ಕೂ ಹೆಚ್ಚು ಮೂರೇ ಜಾತಿಯವು: ಗ್ಲೈಸಿನ್, ಅಲನಿನ್, ಸೆರಿನ್. ಮೂರೂ ತೀರಾ ಪುಟ್ಟವು. ಹಾಗಾಗಿ ಸರಗಳು ಪಕ್ಕ ಪಕ್ಕ ಅಂಟಿಕೊಂಡು, ಹಾಳೆ ಮೇಲೆ ಹಾಳೆ ಇಟ್ಟ ಹಾಗೆ ಒತ್ತಾಗಿ ಕೂರುತ್ತವೆ. ಸೀರೆಯ ಗಟ್ಟಿತನ ಬರೋದು ಅಲ್ಲಿಂದ. ಹೊರಗಿನ ಅಂಟು ಸೆರಿಸಿನ್, ಅದೂ ಪ್ರೋಟೀನೇ. ಆದ್ರೆ ಅದರ ಮಣಿಗಳಿಗೆ ನೀರು ಇಷ್ಟ. ಗೂಡನ್ನು ಬಿಸಿ ನೀರಿಗೆ ಹಾಕಿದಾಗ ಅಂಟು ಸಡಿಲ ಆಗುತ್ತೆ, ಒಳ ಎಳೆ ಜಪ್ಪಯ್ಯ ಅನ್ನಲ್ಲ.

ಈ ಸರ ಹೇಗೆ ಬೇಕಾದ್ರೂ ಬಾಗಲ್ಲ, ಕೆಲವೇ ಕೋನಗಳಲ್ಲಿ ಬಾಗುತ್ತೆ ಅಂತ 1963ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು. ಆಮೇಲೆ ಅವರು ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಬಂದ್ರು.

ಸರಿ, ಗ್ರಾಂ ಲೆಕ್ಕದಲ್ಲಿ ರೇಷ್ಮೆಯಷ್ಟು ಪ್ರೋಟೀನ್ ಯಾವ ಡಬ್ಬದಲ್ಲೂ ಇಲ್ಲ. ಜೀರ್ಣ ಆಗುತ್ತೆ ಅಂತಲೇ ಇಟ್ಕೊಳ್ಳಿ, ಆದ್ರೂ ಊಟಕ್ಕೆ ದಂಡ. ಯಾಕಂದ್ರೆ ಲೈಸಿನ್ ಅನ್ನೋ ಮಣಿ ಅದರಲ್ಲಿ ಹುಡುಕಿದ್ರೂ ಸಿಗಲ್ಲ ಅನ್ನೋಷ್ಟು ಕಮ್ಮಿ. ನಮ್ಮ ದೇಹ ತಾನೇ ಮಾಡಿಕೊಳ್ಳಲಾಗದ 9 ಅಮೈನೋ ಆಮ್ಲಗಳಲ್ಲಿ ಅದೂ ಒಂದು. ಒಂದು ಮಣಿ ಕಮ್ಮಿ ಬಿದ್ರೆ ಸರ ಅಲ್ಲೇ ನಿಲ್ಲುತ್ತೆ, ಉಳಿದ ಮಣಿಗಳು ಸೌದೆ ಥರ ಉರಿದು ಹೋಗುತ್ತವೆ.

ರಾಗಿಯ ಕಥೆಯೂ ಸ್ವಲ್ಪ ಹೀಗೇ. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್. ಮೆಥಿಯೋನಿನ್ ಚೆನ್ನಾಗಿದೆ, ಲೈಸಿನ್ ಕಮ್ಮಿ. ಅವರೆ, ಅಲಸಂದೆ, ಹುರುಳಿಯಲ್ಲಿ ಉಲ್ಟಾ: ಲೈಸಿನ್ ಧಾರಾಳ, ಮೆಥಿಯೋನಿನ್ ಕೊರತೆ. ಎರಡೂ ಒಂದೇ ದಿನದಲ್ಲಿ ಹೊಟ್ಟೆಗೆ ಬಿದ್ರೆ ಸಾಕು, ಒಂದೇ ತುತ್ತಿನಲ್ಲಿ ಅಂತೇನಿಲ್ಲ. ಹಾಲು, ಮೊಟ್ಟೆ ಇದ್ರೂ ಆಯ್ತು.

ತೊಂದರೆ ಶುರುವಾಗೋದು ಬೇಳೆಕಾಳಿನ ರೇಟು ಏರಿದಾಗ. ಮುದ್ದೆ ಗಾತ್ರ ಅಷ್ಟೇ ಇರುತ್ತೆ, ಸಾರು ನೀರಾಗುತ್ತೆ. ಹೊಟ್ಟೆ ತುಂಬಿದೆ ಅನ್ಸುತ್ತೆ, ಆದ್ರೆ ಬೆಳೆಯೋ ಮಗುವಿಗೆ ಲೈಸಿನ್ ಸಿಕ್ಕಿರಲ್ಲ. ಇನ್ನು ಕಾಳು ಇದ್ದ ಮನೆಯಲ್ಲೂ ಒಂದು ಮಾತು: ಬಸ್ಸಾರು ಮಾಡಿದಾಗ ಕಟ್ಟು ಸಾರಿಗೆ ಹೋಗುತ್ತೆ, ಕಾಳು ಸೊಪ್ಪು ಪಲ್ಯಕ್ಕೆ. ಪಲ್ಯ ಪಕ್ಕಕ್ಕೆ ತಳ್ಳಿ ಬರೀ ಮುದ್ದೆ ಸಾರು ನುಂಗಿ ಎದ್ರೆ, ಲೈಸಿನ್ ಬಹುಪಾಲು ತಟ್ಟೆಯಲ್ಲೇ ಉಳೀತು.