ಮಿಲಿಟರಿ ಶಿಸ್ತು ಮತ್ತು ನಮ್ಮ ಕೇರಿ

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಮಿಲಿಟರಿಯ ಶಿಸ್ತು, ಸಂಪ್ರದಾಯ ಕಾಲಕ್ಕೆ ತಕ್ಕಂತೆ ಬದಲಾಗಬೇಕೋ ಬೇಡವೋ, ಇದು ನನಗೆ ಕೊಟ್ಟ ವಿಷಯ. ಕವಿತೆ ಬರೆಯೋನಿಗೆ ಇದ್ಯಾಕೆ ಅಂತ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗಲಿ. ಈ ಹಾಸ್ಟೆಲಿನಲ್ಲೇ ನಾಲ್ಕೈದು ಹುಡುಗರು ಬೆಳಗಿನ ಜಾವ ಎದ್ದು ಭರ್ತಿಗಾಗಿ ಓಡ್ತಾ ಇದ್ದಾರೆ. ಅವರಿಗೆ ಇದು ಹೊಟ್ಟೆಯ ಪ್ರಶ್ನೆ. ಜೊತೆಗೆ ಮೇಜಿನ ಮೇಲೆ ಒಂದು ನಿರ್ಣಯ ಇದೆ, ಚಮಾರ್ ರೆಜಿಮೆಂಟನ್ನು ಮತ್ತೆ ಕಟ್ಟಬೇಕು ಅಂತ. ಅದಕ್ಕೆ ನನ್ನದೊಂದು ತಕರಾರು ಇದೆ. ಆಮೇಲೆ ಹೇಳ್ತೀನಿ.

ಸಂಪ್ರದಾಯ ಮುಟ್ಟಬೇಡಿ ಅನ್ನುವವರು ಅದೇನೋ ಆಕಾಶದಿಂದ ಇಳಿದು ಬಂದಂತೆ ಮಾತಾಡ್ತಾರೆ. ಹಾಗಾದರೆ ಕೇಳಿ. 1818ರ ಜನವರಿ 1ರಂದು ಭೀಮಾ ತೀರದ ಕೋರೆಗಾಂವ್‌ನಲ್ಲಿ ಪೇಶ್ವೆಯ ದಂಡಿಗೆ ಎದುರಾಗಿ ನಿಂತ ಕಂಪನಿಯ ತುಕಡಿಯಲ್ಲಿ ಮಹಾರರು ಬಹಳ ಮಂದಿ ಇದ್ದರು. ಸತ್ತವರ ಹೆಸರು ಅಲ್ಲಿನ ಕಂಬದ ಮೇಲಿದೆ. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ನಿಂತರು. ಅಂಥ ಜನಕ್ಕೆ 1890ರ ದಶಕದ ಶುರುವಿನಲ್ಲಿ ಅದೇ ಬ್ರಿಟಿಷರು ಭರ್ತಿಯ ಬಾಗಿಲು ಹಾಕಿದರು. ಯೋಧ ಜನಾಂಗ ಬೇರೆ, ಉಳಿದ ಜನಾಂಗ ಬೇರೆ ಅನ್ನೋ ಸಿದ್ಧಾಂತ ಆಗ ಮೆರೆಯುತ್ತಿತ್ತು. ಮೂರು ತಲೆಮಾರು ಬಂದೂಕು ಹಿಡಿದವನು ಒಂದು ಸರ್ಕಾರಿ ಕಾಗದ ಬಂದ ದಿನ ಅಂಜುಬುರುಕನಾಗಿಬಿಟ್ಟ! ನಿಜವಾದ ಕಾರಣ ಜಾತಿ. ಮೇಲಿನವನು ಇವನ ಪಕ್ಕ ನಿಲ್ಲೋಲ್ಲ, ಇವನು ಸುಬೇದಾರನಾದರೆ ಸಲ್ಯೂಟ್ ಹೊಡೆಯೋಲ್ಲ.

ಹೋದದ್ದು ಬರೀ ಕೆಲಸ ಅಲ್ಲ ಗೆಳೆಯರೇ, ಶಾಲೆಯೂ ಹೋಯಿತು. ಬಾಬಾಸಾಹೇಬರ ತಂದೆ ಸುಬೇದಾರ್ ರಾಮ್‌ಜಿ ಮಿಲಿಟರಿ ಶಾಲೆಯಲ್ಲಿ ಪಾಠ ಹೇಳಿದವರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದು ಮಹೂ ದಂಡಿನಲ್ಲಿ. ಊರಿನ ಶಾಲೆ ಹೊರಗೆ ಕೂರಿಸುತ್ತಿದ್ದ ಕಾಲದಲ್ಲಿ ದಂಡಿನ ಶಾಲೆ ನಮ್ಮವರಿಗೆ ಅಕ್ಷರ ಕೊಟ್ಟಿತ್ತು. ಅದಕ್ಕೇ ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಭರ್ತಿ ಮತ್ತೆ ತೆರೆಯಿರಿ ಅಂತ ಅರ್ಜಿ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ಮಹಾಯುದ್ಧಕ್ಕೆ ಜನ ಸಾಲದೆ ಬಂದಾಗ ಮಾತ್ರ, 1917ರಲ್ಲಿ, 111ನೇ ಮಹಾರ್ ಪಡೆ ಎದ್ದಿತು. 1921ರಲ್ಲಿ ಅದನ್ನು ಮುಚ್ಚಿದರು. ಎರಡನೇ ಯುದ್ಧ ಬಂತು. ಬಾಬಾಸಾಹೇಬರು ಪಟ್ಟು ಹಿಡಿದರು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ! 1943ರಲ್ಲಿ ಚಮಾರ್ ರೆಜಿಮೆಂಟ್ ಬಂತು, ಕೊಹಿಮಾದಲ್ಲಿ ಜಪಾನಿಯರ ಎದುರು ಹೋರಾಡಿತು, 1946ರಲ್ಲಿ ಅದನ್ನೂ ವಿಸರ್ಜಿಸಿದರು. ಬೇಕಾದಾಗ ವೀರರು, ಬೇಡವಾದಾಗ ಹೊಲೆಮಾದಿಗರು. ಅಂದರೆ ಸಂಪ್ರದಾಯ ಬದಲಾಗುತ್ತಲೇ ಇತ್ತು, ಆದರೆ ಅವರ ಅನುಕೂಲಕ್ಕೆ.

ಇನ್ನು ಶಿಸ್ತು. ಚಾಟಿಯೇಟು ಇಲ್ಲದೆ ಸೈನ್ಯ ನಿಲ್ಲುವುದಿಲ್ಲ ಅಂತ ಒಂದು ಕಾಲಕ್ಕೆ ದೊಡ್ಡ ದೊಡ್ಡ ಜನರಲ್‌ಗಳೇ ನಂಬಿದ್ದರು. ಬೆಂಟಿಂಕ್ 1835ರಲ್ಲಿ ಕಂಪನಿಯ ದೇಶಿ ಸಿಪಾಯಿಗಳಿಗೆ ಅದನ್ನು ತೆಗೆದ, 1845ರಲ್ಲಿ ಹಾರ್ಡಿಂಜ್ ಮತ್ತೆ ತಂದ. ಬ್ರಿಟಿಷ್ ಸೈನ್ಯದಲ್ಲಿ 1881ರಲ್ಲಿ ಅದು ಹೋಯಿತು, ಸೈನ್ಯ ಏನೂ ಕುಸಿದು ಬೀಳಲಿಲ್ಲ. ಅಮೆರಿಕದಲ್ಲಿ ಕರಿಯರು ಬಿಳಿಯರು ಒಂದೇ ಬ್ಯಾರಕಿನಲ್ಲಿದ್ದರೆ ಶಿಸ್ತು ಕೆಡುತ್ತದೆ ಅಂದರು. 1948ರಲ್ಲಿ ಟ್ರೂಮನ್ ಆಜ್ಞೆ ಹೊರಡಿಸಿದ, ಮುಂದೆ ಕೆಲವೇ ವರ್ಷಗಳಲ್ಲಿ ಬೇರೆ ಬೇರೆ ತುಕಡಿಗಳು ಒಂದಾದವು. ನಮ್ಮಲ್ಲಿ ಹೆಣ್ಣುಮಕ್ಕಳ ಮೊಕದ್ದಮೆಯಲ್ಲಿ ಸರ್ಕಾರ ಸುಪ್ರೀಂ ಕೋರ್ಟಿಗೆ ಏನು ಹೇಳಿತು ಗೊತ್ತೇನು? ಹಳ್ಳಿಗಾಡಿನಿಂದ ಬಂದ ಜವಾನರ ಮನಸ್ಸು ಹೆಣ್ಣು ಅಧಿಕಾರಿಯ ಹುಕುಂ ಒಪ್ಪೋದಕ್ಕೆ ಇನ್ನೂ ತಯಾರಾಗಿಲ್ಲ ಅಂತ. ಮಹಾರ ಸುಬೇದಾರನ ಬಗ್ಗೆ ಆಡಿದ್ದೂ ಇದೇ ಮಾತು ತಾನೆ? ತಪ್ಪು ಮೇಲಿನವರದು, ನೆಪ ಹಳ್ಳಿಯವನ ಮೇಲೆ. 2020ರ ಫೆಬ್ರವರಿಯಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ.

ಸಹಾಯಕ್ ಪದ್ಧತಿ ಅಂತ ಒಂದಿದೆ. ಹೆಸರು ಚೆನ್ನಾಗಿದೆ. ದೇಶ ಕಾಯ್ತೀನಿ ಅಂತ ಪ್ರಮಾಣ ಮಾಡಿದವನು ಅಧಿಕಾರಿಯ ಬೂಟು ಒರೆಸೋದು, ನಾಯಿ ತಿರುಗಾಡಿಸೋದು ಮಾಡಬೇಕಾದರೆ ಅದಕ್ಕೆ ನಮ್ಮ ಕೇರಿಯಲ್ಲಿ ಬೇರೆ ಪದ ಇದೆ: ಜೀತ. 2008ರಲ್ಲಿ ಸಂಸತ್ತಿನ ರಕ್ಷಣಾ ಸಮಿತಿಯೇ ಇದು ನಾಚಿಕೆಗೇಡು, ಸ್ವತಂತ್ರ ದೇಶಕ್ಕೆ ತಕ್ಕದ್ದಲ್ಲ ಅಂದಿತು. ನೌಕಾಪಡೆ, ವಾಯುಪಡೆ ಬಿಟ್ಟಿದ್ದನ್ನು ಭೂಸೇನೆಗೆ ಬಿಡಲಾಗಲಿಲ್ಲ. 2017ರಲ್ಲಿ ಜವಾನರು ವೀಡಿಯೋ ಮಾಡಿ ದೂರು ಹೇಳಿಕೊಂಡಾಗ ಶಿಸ್ತು ಕೆಟ್ಟಿತು ಅಂತ ಗಲಾಟೆ ಆಯಿತು. ದೂರು ಹೇಳಿದ್ದರಿಂದ ಶಿಸ್ತು ಕೆಟ್ಟಿತಂತೆ, ನಾಯಿ ತಿರುಗಾಡಿಸಿದ್ದರಿಂದ ಕೆಡಲಿಲ್ಲವಂತೆ!

ನಾನು ಶಿಸ್ತಿನ ವೈರಿಯಲ್ಲ. ಗುಂಡು ಹಾರುವಾಗ ಸಭೆ ಸೇರಿಸಿ ಚರ್ಚೆ ಮಾಡೋಕಾಗಲ್ಲ. ಒಂದೇ ಸಾಲು, ಒಂದೇ ಅಡುಗೆ, ಪಕ್ಕದವನ ಜೀವ ನಿನ್ನ ಕೈಲಿ, ಇಂಥ ಶಿಸ್ತು ನಮ್ಮ ಊರುಗಳಿಗೂ ಬರಲಿ. ಆದರೆ ಕಾಲ ಬದಲಾಯಿತು ಅಂತ ಇವರು ಏನನ್ನು ಬದಲಾಯಿಸಿದರು? 2022ರಲ್ಲಿ ಅಗ್ನಿಪಥ ತಂದರು. ನಾಲ್ಕು ವರ್ಷ ದುಡಿ, ನೂರಕ್ಕೆ ಇಪ್ಪತ್ತೈದು ಜನರ ತನಕ ಉಳಿಯಬಹುದು, ಮಿಕ್ಕವರು ಪಿಂಚಣಿ ಇಲ್ಲದೆ ಮನೆಗೆ. ಆ ಭರ್ತಿಯಲ್ಲಿ ಜಾತಿ ಸರ್ಟಿಫಿಕೇಟ್ ಯಾಕೆ ಅಂತ ಕೇಳಿದರೆ, ಅದು ಸ್ವಾತಂತ್ರ್ಯಕ್ಕೂ ಮುಂಚಿನಿಂದ ನಡೆದು ಬಂದದ್ದು ಅಂತ ಮಂತ್ರಿಗಳು ಉತ್ತರ ಕೊಟ್ಟರು. ಪಿಂಚಣಿಗೆ ಹೊಸ ಕಾಲ, ಜಾತಿಗೆ ಹಳೇ ಕಾಲ. ರಾಷ್ಟ್ರಪತಿಯ ಅಂಗರಕ್ಷಕ ದಳಕ್ಕೆ ಜಾಟ್, ರಜಪೂತ, ಜಾಟ್ ಸಿಖ್ಖರು ಮಾತ್ರ ಯಾಕೆ ಅಂತ ಕೋರ್ಟಿಗೆ ಹೋದರೆ, ಜಾತಿಯಲ್ಲ ಸ್ವಾಮಿ, ಎತ್ತರ, ಮೈಕಟ್ಟು ಒಂದೇ ಥರ ಇರಬೇಕು ಅಂದರು. ನಮ್ಮಲ್ಲಿ ಆರಡಿ ಹುಡುಗರು ಹುಟ್ಟೋದೇ ಇಲ್ಲವೇನೋ.

ಈಗ ನಿರ್ಣಯಕ್ಕೆ ಬರ್ತೀನಿ. ಜಾತಿಗೊಂದು ಹೊಸ ರೆಜಿಮೆಂಟ್ ಕಟ್ಟೋದಿಲ್ಲ ಅನ್ನೋದು ಸ್ವಾತಂತ್ರ್ಯದ ನಂತರದ ನೀತಿ. ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಕಟ್ಟಿದಾಗ ಎಲ್ಲ ಜಾತಿಯವರನ್ನೂ ಸೇರಿಸಿದರು. ಮಹಾರ್ ರೆಜಿಮೆಂಟೂ ಎಲ್ಲರಿಗೂ ತೆರೆದುಕೊಂಡಿತು. ಕೃಷ್ಣರಾವ್, ಸುಂದರ್‌ಜಿ ಇಬ್ಬರೂ ಆ ರೆಜಿಮೆಂಟಿನಿಂದ ಬಂದು ಸೇನಾ ಮುಖ್ಯಸ್ಥರಾದರು. ಅದರ ಬಿಲ್ಲೆಯ ಮೇಲಿದ್ದ ಕೋರೆಗಾಂವ್ ಕಂಬ ಹೋಗಿ ಕಠಾರಿ ಬಂದದ್ದು ಮಾತ್ರ ನನಗೆ ಇನ್ನೂ ನೋಯುತ್ತೆ. 1971ರ ಯುದ್ಧದಲ್ಲಿ ರಕ್ಷಣಾ ಮಂತ್ರಿ ಯಾರು? ಬಾಬು ಜಗಜೀವನ್ ರಾಮ್. ಯಾವ ಜಾತಿಯ ರೆಜಿಮೆಂಟನ್ನು 1946ರಲ್ಲಿ ಮುಚ್ಚಿದರೋ ಆ ಜಾತಿಯ ಮಗ.

ಬೇರೆಯವರ ಹೆಸರಿನ ರೆಜಿಮೆಂಟ್ ಇರುವಾಗ ನಾವು ಮಾತ್ರ ಯಾಕೆ ಬಿಟ್ಟುಕೊಡಬೇಕು ಅಂತ ಗೆಳೆಯರೊಬ್ಬರು ಕೇಳಿದರು. ಗಟ್ಟಿ ಪ್ರಶ್ನೆ. ಬಾಬಾಸಾಹೇಬರು 1941ರಲ್ಲಿ ಕೇಳಿದ್ದು ಎಲ್ಲಾ ಬಾಗಿಲೂ ಮುಚ್ಚಿದ್ದಾಗ. ಇವತ್ತು ನಾವು ನಮ್ಮದೊಂದು ಪುಟ್ಟ ಬಾಗಿಲು ಕೇಳಿದರೆ, ಉಳಿದವರು ತಮ್ಮ ದೊಡ್ಡ ಬಾಗಿಲು ಹಾಗೇ ಮುಚ್ಚಿಟ್ಟುಕೊಂಡು ನಗ್ತಾರೆ. ಅದಕ್ಕೇ ನನ್ನ ತಿದ್ದುಪಡಿ ಇಷ್ಟು. ಮೊದಲ ಸಾಲು: ಅಂಗರಕ್ಷಕ ದಳವೂ ಸೇರಿ ಯಾವ ರೆಜಿಮೆಂಟಿನ ಭರ್ತಿಯಲ್ಲೂ ಜಾತಿ ಕೇಳಬಾರದು. ಎರಡನೆಯದು: ಸಹಾಯಕ್ ಪದ್ಧತಿ ಪೂರ್ತಿ ಹೋಗಬೇಕು. ಮೂರನೆಯದು: ಚಮಾರ್ ರೆಜಿಮೆಂಟ್ ಕೊಹಿಮಾದಲ್ಲಿ ಮಾಡಿದ್ದು ಶಾಲೆಯ ಪಠ್ಯದಲ್ಲಿ ಬರಬೇಕು. ಮೊದಲ ಸಾಲಿಗೆ ಸರ್ಕಾರ ಒಪ್ಪದಿದ್ದರೆ ಆಗ ಹಳೇ ನಿರ್ಣಯವನ್ನೇ ತನ್ನಿ, ನಾನೂ ಕೈ ಎತ್ತುತ್ತೇನೆ. ಈಗ ಕಾಗದ ನಿಮ್ಮ ಕಡೆ ಬರ್ತಾ ಇದೆ. ಓದಿ, ಜಗಳ ಆಡಿ, ಆಮೇಲೆ ಸಹಿ ಮಾಡಿ.

ಜೈಭೀಮ್.