ಕ್ಯಾಸೆಟ್ ಇದೆ, ಹಾಕೋಕೆ ಪ್ಲೇಯರ್ ಇಲ್ಲ



ಹೋದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ವಸಂತ್ ಕುಂಜ್‌ನಿಂದ ಒಂದು ಫೋನ್ ಬಂತು. ಮಾತಾಡಿದವರು ಶಿರಸಿ ಕಡೆಯ ಹಿರಿಯ ಹೆಣ್ಣುಮಗಳು. ಅಲ್ಲಿನ ಡಿಡಿಎ ಫ್ಲ್ಯಾಟ್ ಒಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಂಸಾರ ಮಾಡಿದವರು. ಹಾಡು ಕೇಳುತ್ತಾರೆ ಅಂದುಕೊಂಡು ಪೆನ್ನು ಹಿಡಿದೆ. ಅವರು ಕೇಳಿದ್ದೇ ಬೇರೆ. "ನಿಮ್ಮ ಸ್ಟೇಷನ್ನಿನಲ್ಲಿ ಕ್ಯಾಸೆಟ್ ಹಾಕುವ ಮಿಷನ್ ಇದೆಯೇನಪ್ಪಾ?"

ಇರಲಿಲ್ಲ. ರೇಡಿಯೋದವನಾಗಿ ಹಾಗೆ ಹೇಳಲು ನಾಚಿಕೆಯಾಯಿತು ನೋಡಿ.

ವಿಷಯ ಇಷ್ಟು. ಅವರು ಮನೆ ಖಾಲಿ ಮಾಡಿ ಗುರುಗ್ರಾಮದ ಮಗನ ಮನೆಗೆ ಹೊರಟಿದ್ದರು. ಅಟ್ಟ ಇಳಿಸುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರೊಳಗೆ ಹನ್ನೊಂದು ಕ್ಯಾಸೆಟ್ಟು. ಟೇಪ್ ರೆಕಾರ್ಡರ್ ಮಾತ್ರ ಎಷ್ಟೋ ವರ್ಷದ ಹಿಂದೆಯೇ ಕಬಾಡಿಯವನ ತಕ್ಕಡಿ ಏರಿತ್ತು. ಹನ್ನೊಂದರಲ್ಲಿ ಎಂಟು ನಮಗೆಲ್ಲ ಗೊತ್ತಿರುವವೇ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ', ಸಿ. ಅಶ್ವಥ್ ಹಾಡಿದ ಶರೀಫರ ಪದಗಳು, ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ'. ನಿಸಾರ್ ಅಹಮದ್ ಅವರ ಗೀತೆಗಳ ಆ ಕ್ಯಾಸೆಟ್ ಬಂದದ್ದು 1978ರಲ್ಲಿ. ಆಮೇಲೆ ಊರಿಗೆ ಹೋಗಿ ಬರುವ ದೆಹಲಿ ಕನ್ನಡಿಗರ ಚೀಲದಲ್ಲಿ ಚಕ್ಕುಲಿ, ಉಪ್ಪಿನಕಾಯಿಯ ಜೊತೆ ಒಂದೆರಡು ಕ್ಯಾಸೆಟ್ ಇಲ್ಲದೆ ಇರುತ್ತಿರಲಿಲ್ಲ. ಈ ಹಾಡುಗಳೇನೋ ಇವತ್ತು ಮೊಬೈಲಿನಲ್ಲೇ ಸಿಗುತ್ತವೆ, ಚಿಂತೆಯಿಲ್ಲ.

ಉಳಿದ ಮೂರು ಎಲ್ಲೂ ಸಿಗುವಂಥವಲ್ಲ. ಅವು ಅಮ್ಮನ ಪತ್ರಗಳು.

ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಎಸ್‌ಟಿಡಿ ದುಬಾರಿ. ರಾತ್ರಿ ದರ ಇಳಿದ ಮೇಲೆ ಬೂತ್ ಮುಂದೆ ಸಾಲು ನಿಂತು, ಮೀಟರ್ ನೋಡುತ್ತಾ ಮಾತಾಡಿದ್ದು ನಿಮಗೂ ನೆನಪಿರಬಹುದು. ಅದಕ್ಕೆ ಮನೆಯ ಹುಡುಗರು ಅಮ್ಮನ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಕೆಂಪು ಗುಂಡಿ ಒತ್ತಿ, "ಮಾತಾಡು" ಅನ್ನುತ್ತಿದ್ದರು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬರುವ ಯಾರ ಕೈಗಾದರೂ ಆ ಕ್ಯಾಸೆಟ್ ಕೊಡುತ್ತಿದ್ದರು. ಎರಡು ರಾತ್ರಿ ಪ್ರಯಾಣ ಮಾಡಿ ಅಮ್ಮನ ದನಿ ನವದೆಹಲಿ ಸ್ಟೇಷನ್ನಿನಲ್ಲಿ ಇಳಿಯುತ್ತಿತ್ತು.

ಈ ತಾಯಿ ಏನೂ ಮಾಡದೆ ಕುಳಿತವರಲ್ಲ. 2006ರಲ್ಲೇ ಮೂರನ್ನೂ ಒಂದು ಅಂಗಡಿಯಲ್ಲಿ ಸಿ.ಡಿ.ಗೆ ಹಾಕಿಸಿದ್ದರು. "ಇನ್ನು ನೂರು ವರ್ಷ ಚಿಂತೆಯಿಲ್ಲ" ಅಂದಿದ್ದನಂತೆ ಅಂಗಡಿಯವನು. ಈಗ ಮಗನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಯಾರದೋ ಡ್ರೈವ್ ತಂದು ಹಾಕಿದರೆ ಅರ್ಧಕ್ಕೇ ನಿಂತಿತು. ಮನೆಯಲ್ಲಿ ಬರೆಯುವ ಸಿ.ಡಿ.ಯೊಳಗೆ ಬಣ್ಣದ ಒಂದು ತೆಳು ಪದರ ಇರುತ್ತದೆ. ಬಿಸಿಲು, ಸೆಖೆಗೆ ಅದು ಕೆಡುತ್ತದೆ. ದೆಹಲಿಯ ಜೂನ್ ತಿಂಗಳನ್ನು ಅಟ್ಟದ ಮೇಲೆ ಕಳೆದ ಸಿ.ಡಿ.ಯ ಪಾಡು ನೀವೇ ಊಹಿಸಿ. ತಮಾಷೆಯೆಂದರೆ, ಹಳೆಯದು ಎಂದು ಮೂಲೆಗೆ ಸೇರಿದ ಕ್ಯಾಸೆಟ್ಟು ಇನ್ನೂ ಗಟ್ಟಿಯಾಗಿತ್ತು, ಹೊಸದು ಎಂದು ಬಂದ ಸಿ.ಡಿ. ಸತ್ತಿತ್ತು.

ಅವರ ಮನೆಗೆ ಹೋದಾಗ ಯಜಮಾನರ ಕೈಯಲ್ಲಿ ಎಚ್‌ಎಂಟಿ ಗಡಿಯಾರ ಕಂಡೆ. ಕೀಲಿ ಕೊಡುವಂಥದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ನಮ್ಮ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯದು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಂಪನಿ ಹೋಯಿತು, ಗಡಿಯಾರ ಓಡುತ್ತಲೇ ಇದೆ. ಅದಕ್ಕೆ ಸೆಲ್ ಬೇಡ, ಇನ್ನೊಂದು ಮಿಷನ್ ಬೇಡ. ಬೆಳಿಗ್ಗೆ ಎದ್ದು ಎರಡು ಬೆರಳಿನಿಂದ ತಿರುಗಿಸಿದರೆ ಸಾಕು. ಕ್ಯಾಸೆಟ್ಟಿನ ಹಣೆಬರಹ ಹಾಗಲ್ಲ. ಅದು ಒಂಟಿಯಾಗಿ ಬದುಕುವ ವಸ್ತುವೇ ಅಲ್ಲ. ಓದುವ ಹೆಡ್ಡು, ಎಳೆಯುವ ರಬ್ಬರ್ ಬೆಲ್ಟು, ಬೆಲ್ಟು ಹಾಕುವ ರಿಪೇರಿಯವನು, ಇಷ್ಟೂ ಇದ್ದರೆ ಮಾತ್ರ ಅದಕ್ಕೆ ಬಾಯಿ. ಮನೆಯಲ್ಲಿ ಒಂದು ವಸ್ತು ಕೆಟ್ಟಿತು ಅಂತ ನಾವು ಹೇಳುತ್ತೇವಲ್ಲ, ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ, ಅದರ ಜೊತೆಗಾರರು ಹೋಗಿಬಿಟ್ಟಿರುತ್ತಾರೆ. ಪೇಜರ್ ಹಾಗೇ ಹೋಯಿತು. ತಂತಿ 2013ರ ಜುಲೈನಲ್ಲಿ ನಿಂತಿತು. ಅವುಗಳಿಗೆ ಅಳಬೇಕಾಗಿಲ್ಲ, ಕೆಲಸ ಬೇರೆಯವರು ವಹಿಸಿಕೊಂಡರು. ಅಮ್ಮನ ದನಿಯನ್ನು ಯಾರು ವಹಿಸಿಕೊಳ್ಳುತ್ತಾರೆ?

ಕಾರ್ಯಕ್ರಮದಲ್ಲಿ ಒಂದು ಮಾತು ಹೇಳಿದೆವು. ಆರ್.ಕೆ. ಪುರಂನ ಕೇಳುಗರೊಬ್ಬರು ತಮ್ಮ ಹಳೆಯ ಡೆಕ್ ಕೊಟ್ಟರು. ತೆರೆದು ನೋಡಿದರೆ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಕೆಂಪು ಕೋಟೆ ಎದುರಿನ ಲಾಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಮೂರು ಅಂಗಡಿ ತಿರುಗಿದ ಮೇಲೆ ಹೊಂದುವ ಬೆಲ್ಟು ಸಿಕ್ಕಿತು. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ, ದಯವಿಟ್ಟು ಸಿಕ್ಕಿದ ಪ್ಲೇಯರಿಗೆ ಕ್ಯಾಸೆಟ್ ತುರುಕಬೇಡಿ. ಮೊದಲು ಬೇಡದ ಒಂದು ಕ್ಯಾಸೆಟ್ ಹಾಕಿ ನೋಡಿ, ಮಿಷನ್ ಟೇಪು ನುಂಗುತ್ತದೋ ಇಲ್ಲವೋ ಆಗಲೇ ತಿಳಿಯುತ್ತದೆ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ತಿಳಿದವರಿಗೆ ತೋರಿಸಿ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಆರು ಮೂಲೆಯ ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿ, ಬಾಲ್ಯದಲ್ಲಿ ಮಾಡುತ್ತಿದ್ದೆವಲ್ಲ ಹಾಗೇ. ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಬಟ್ಟೆಯ ತುಣುಕು ಬಿದ್ದುಹೋಗಿದ್ದರೆ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅಮ್ಮನ ದನಿಯೇ ಹೋಯಿತು ಅಂತ ಗಾಬರಿಯಾಗಬೇಡಿ, ಆ ತುಣುಕನ್ನು ಬೇರೆ ಕ್ಯಾಸೆಟ್ಟಿನಿಂದ ತೆಗೆದು ಅಂಟಿಸಬಹುದು. ಆಮೇಲೆ ಒಂದು ವೈರಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ದಾಖಲಿಸಿ, ವೇವ್ ಫೈಲಾಗಿ ಇಡಿ. ಒಂದು ಗಂಟೆಗೆ ಸುಮಾರು 600 ಎಂಬಿ ಜಾಗ ಹಿಡಿಯುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು. ಎರಡು ಕಡೆ ಪ್ರತಿ ಇಡಿ, ನಾಲ್ಕೈದು ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸದಕ್ಕೆ ದಾಟಿಸಿ. ನೂರು ವರ್ಷದ ಭರವಸೆ ಕೊಡುವ ಅಂಗಡಿಯವನನ್ನು ನಂಬಬೇಡಿ.

ಒಂದು ಮುಖ್ಯ ಮಾತು ಬಿಟ್ಟೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಅವನ್ನು ಮುರಿದುಬಿಡಿ, ಆಗ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಇದನ್ನು ಹೇಳುವ ಯೋಗ್ಯತೆ ನನಗಿದೆ. 2007ರಲ್ಲಿ, ಹೈಸ್ಕೂಲಿನಲ್ಲಿದ್ದಾಗ, ಎಫ್ಎಂನಲ್ಲಿ 'ಮುಂಗಾರು ಮಳೆ'ಯ ಹಾಡು ಬರುತ್ತಿದೆ ಅಂತ ಕೈಗೆ ಸಿಕ್ಕಿದ ಕ್ಯಾಸೆಟ್ ತುರುಕಿ ಕೆಂಪು ಗುಂಡಿ ಒತ್ತಿದೆ. ಅದರಲ್ಲಿ ನಮ್ಮಜ್ಜಿ ಹೇಳಿದ ಗೌರಿ ಹಬ್ಬದ ಹಾಡುಗಳಿದ್ದವು. ಅಜ್ಜಿ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಅಪ್ಪ ಬೈಯಲಿಲ್ಲ. ಕ್ಯಾಸೆಟ್ಟನ್ನು ಪೂರ್ತಿ ಓಡಿಸಿ ಕೊನೆಯವರೆಗೂ ಕೇಳುತ್ತಾ ಕುಳಿತರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ನಾನು ಗುಂಡಿ ಬಿಟ್ಟ ಜಾಗದಲ್ಲಿ, ಅಜ್ಜಿ ಒಮ್ಮೆ ಕೆಮ್ಮಿದ್ದು ಮಾತ್ರ ಉಳಿದಿತ್ತು.

ಇನ್ನು ವಸಂತ್ ಕುಂಜ್‌ನ ಆ ಮಧ್ಯಾಹ್ನ. ಸಾಮಾನೆಲ್ಲ ಪೆಟ್ಟಿಗೆ ಸೇರಿ ಮನೆ ಬಣಗುಡುತ್ತಿತ್ತು. ನೆಲದ ಮೇಲೆ ಡೆಕ್ ಇಟ್ಟು ಗುಂಡಿ ಒತ್ತಿದೆವು. ಸ್ವಲ್ಪ ಹೊತ್ತು ಬರೀ ಸುಂಯ್ ಅನ್ನುವ ಸದ್ದು. ಎಲ್ಲೋ ಒಂದು ಹುಂಜ ಕೂಗಿತು. ಆಮೇಲೆ, "ಕೂಸೇ, ಅಲ್ಲಿ ಥಂಡಿ ಜೋರಿದ್ದಡ, ಕಿವಿಗೆ ಬಟ್ಟೆ ಕಟ್ಗ್ಯ." ಎಪ್ಪತ್ತು ದಾಟಿದ ಆ ಕೂಸು ತಲೆಯ ಮೇಲಿನ ಸೆರಗನ್ನು ಕಿವಿ ಮುಚ್ಚುವಂತೆ ಸರಿಮಾಡಿಕೊಂಡರು. ಹೊರಗೆ ಮೇ ತಿಂಗಳ ಬಿಸಿಲು.

ಡೆಕ್ ಈಗ ನಮ್ಮ ಸ್ಟುಡಿಯೋದಲ್ಲಿದೆ. ನಿಮ್ಮ ಡಬ್ಬಿಯಲ್ಲಿ ಇಂಥ ದನಿಗಳಿದ್ದರೆ ಶನಿವಾರ ಬೆಳಿಗ್ಗೆ ತನ್ನಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರುವ ವ್ಯವಧಾನವನ್ನೂ ಜೊತೆಗೆ ತನ್ನಿ, ಚಹಾ ನಮ್ಮದು.