ಸ್ಕಾಲರ್‌ಶಿಪ್ ಬಂದಿದೆ, ಯಾವ ಖಾತೆಗೆ?

ಇವತ್ತು ರಾಜಕೀಯ ಬೇಡ. ದ್ವಿತೀಯ ಪಿಯುಸಿ ರಿಸಲ್ಟ್ ಬಂದಿದೆ. ಒಳ್ಳೆ ಮಾರ್ಕ್ಸ್ ತೆಗೆದ ಮಕ್ಕಳ ಬಾಯಿಗೆ ಅಪ್ಪ ಅಮ್ಮ ಸ್ವೀಟ್ ಇಡೋದನ್ನ ನಾವೂ ಬೆಳಗಿನಿಂದ ತೋರಿಸ್ತಾ ಇದ್ದೀವಿ. ಆ ಬಾಕ್ಸ್ ಖಾಲಿಯಾದ ಮೇಲೆ ಅದೇ ಮನೆಗಳಲ್ಲಿ ಶುರುವಾಗೋ ಮಾತುಕತೆಗೆ ಯಾವ ಕ್ಯಾಮೆರಾನೂ ಹೋಗಲ್ಲ. ಕಾಲೇಜು ಫೀಸಿಗೆ ಏನು ಮಾಡೋದು?

ಸರ್ಕಾರದ ಸ್ಕಾಲರ್‌ಶಿಪ್ ಇದೆಯಲ್ಲ ಸ್ವಾಮಿ, ಅಂತೀರಿ. ಇದೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಕೇಂದ್ರದ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. 2021ರಲ್ಲಿ ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ ಬಂತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಕ್ಯೂ ಅಂತ ಒಂದಿಷ್ಟು ಸೀಟಿಗೆ ಬೋಧನಾ ಶುಲ್ಕವೇ ಮಾಫಿ. ಸಿಇಟಿ ಅರ್ಜಿಯಲ್ಲಿ ಅದಕ್ಕೊಂದು ಪ್ರಶ್ನೆ ಇರತ್ತೆ. ಸೈಬರ್ ಸೆಂಟರ್‌ನವನು ಅವಸರದಲ್ಲಿ ‘ನೋ’ ಅಂತ ಒತ್ತಿಬಿಟ್ಟರೆ ಕಥೆ ಅಲ್ಲಿಗೆ ಮುಗೀತು.

ಯೋಜನೆಗೆ ಬರ ಇಲ್ಲ. ಹಾಗಾದರೆ ಅರ್ಜಿ ಹಾಕಿದ ಮಗುವಿನ ಕೈಗೆ ದುಡ್ಡು ಯಾಕೆ ಬರಲ್ಲ?

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ತೀರಿ. ದುಡ್ಡು ಆಧಾರ್ ಮೂಲಕ ಬರತ್ತೆ. ನಿಮ್ಮ ಮನಸ್ಸಿನಲ್ಲಿ ಯಾವ ಅಕೌಂಟ್ ಇದೆ ಅನ್ನೋದು ಲೆಕ್ಕಕ್ಕೇ ಇಲ್ಲ. ಎನ್‌ಪಿಸಿಐ ಅನ್ನೋ ಸಂಸ್ಥೆ ಹತ್ತಿರ ಒಂದು ಪಟ್ಟಿ ಇದೆ. ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕ್. ಕೊನೆಗೆ ಯಾವ ಬ್ಯಾಂಕ್ ನಿಮ್ಮ ಆಧಾರ್ ಅನ್ನ ಆ ಪಟ್ಟಿಗೆ ಜೋಡಿಸಿದೆಯೋ ಅಲ್ಲಿಗೇ ದುಡ್ಡು. ಇದಕ್ಕೆ ಸೀಡಿಂಗ್ ಅಂತಾರೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೀನಿ, ಲಿಂಕ್ ಆಗಿದೆ ಅಂತ ಎಲ್ಲರೂ ಹೇಳ್ತಾರೆ. ಆ ಜೆರಾಕ್ಸ್ ಕೆವೈಸಿ ಫೈಲಿನಲ್ಲಿ ತಣ್ಣಗೆ ಕೂತಿರತ್ತೆ. ಸೀಡಿಂಗ್‌ಗೆ ಒಪ್ಪಿಗೆ ಫಾರಂ ಬೇರೆಯೇ ಕೊಡಬೇಕು.

ನೆನಪಿದೆಯಾ, 2017ರಲ್ಲಿ ಏರ್‌ಟೆಲ್ ಸಿಮ್‌ಗೆ ಆಧಾರ್ ಕೊಟ್ಟವರ ಗ್ಯಾಸ್ ಸಬ್ಸಿಡಿ ಅವರಿಗೇ ಗೊತ್ತಿಲ್ಲದಂತೆ ತೆರೆದ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಖಾತೆಗಳಿಗೆ ಹೋಗಿಬಿಟ್ಟಿತ್ತು. ಆಧಾರ್ ಪ್ರಾಧಿಕಾರ ಆ ಕಂಪನಿಯ ಇ-ಕೆವೈಸಿ ಪರವಾನಗಿಯನ್ನೇ ಕೆಲಕಾಲ ತಡೆಹಿಡಿಯಿತು. ಅಲ್ಲಿ ಆದದ್ದು ಇದೇ, ಕೊನೆಗೆ ಜೋಡಿಸಿದವನಿಗೆ ದುಡ್ಡು. ಹುಡುಗ ಒಂಬತ್ತನೇ ಕ್ಲಾಸಲ್ಲಿ ಒಂದು ಬ್ಯಾಂಕಲ್ಲಿ ಖಾತೆ ತೆರೆದಿರ್ತಾನೆ, ಪಿಯುಗೆ ಬಂದಾಗ ಇನ್ನೊಂದರಲ್ಲಿ. ಹಳೆಯದು ನಿಷ್ಕ್ರಿಯ ಆಗಿರತ್ತೆ. ಸೀಡಿಂಗ್ ಮಾತ್ರ ಅಲ್ಲೇ ಉಳಿದಿರತ್ತೆ. ಖಜಾನೆಯಿಂದ ಹೊರಟ ಹಣ ಅಲ್ಲಿ ತನಕ ಹೋಗಿ ವಾಪಸ್. ಕೆಲವರದ್ದು ಕಾಗದಪತ್ರ ಪೂರ್ತಿ ಇಲ್ಲದೆ ತೆರೆದ ‘ಸಣ್ಣ ಖಾತೆ’. ಅದರಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ದೊಡ್ಡ ಮೊತ್ತದ ಫೀಸು ಅಲ್ಲಿ ಹಿಡಿಸಲ್ಲ.

ಇನ್ನು ಹೆಸರಿನ ಗೋಳು. ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಲ್ಲಿ ಇಲ್ಲವೇ ಇಲ್ಲ. ಒಂದೇ ಮಗು, ಕಂಪ್ಯೂಟರ್ ಪಾಲಿಗೆ ಮೂರು ಜನ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗತ್ತೆ. ಅದರ ಮೇಲಿರೋ ಆರ್‌ಡಿ ನಂಬರೇ ಪೋರ್ಟಲ್‌ಗೆ ಮುಖ್ಯ. ಅದನ್ನ ಮೇ ತಿಂಗಳಲ್ಲೇ ಮಾಡಿಸಿಟ್ಕೊಳ್ಳಿ. ಕೊನೆ ದಿನಾಂಕ ಹತ್ತಿರ ಬಂದಾಗ ಸರ್ವರ್ ಏನಾಗತ್ತೆ ಅಂತ ನಾನು ಹೇಳಬೇಕಾ?

ಎಲ್ಲ ಸರಿ ಇದ್ದರೂ ಒಂದು ಕಂದಕ ಉಳಿಯತ್ತೆ. ಕಾಲೇಜು ಫೀಸು ಕೇಳೋದು ಸೀಟು ಸಿಕ್ಕ ವಾರದಲ್ಲಿ. ಸ್ಕಾಲರ್‌ಶಿಪ್ ಬರೋದು ತಿಂಗಳುಗಟ್ಟಲೆ ಆದ ಮೇಲೆ. ಆ ಕಂದಕದಲ್ಲೇ ಬಡ್ಡಿ ವ್ಯಾಪಾರಿ ಕೂತಿರೋದು, ಅಮ್ಮನ ಓಲೆ ಗಿರವಿ ಹೋಗೋದು. ಅವನ ಹತ್ತಿರ ಹೋಗೋ ಮೊದಲು ಬ್ಯಾಂಕಿಗೆ ಹೋಗಿ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕ್ ಸೂಚನೆ. ಮ್ಯಾನೇಜರ್ ಆಗಲ್ಲ ಅಂದರೆ, ಕಾರಣ ಬರೆದುಕೊಡಿ ಸಾರ್ ಅನ್ನಿ. ಬರೆಯೋ ಪ್ರಸಂಗ ಬಂದಾಗ ಧ್ವನಿ ಬದಲಾಗತ್ತೆ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಬಗ್ಗೆ ಜಾಹೀರಾತು ನೋಡಿರ್ತೀರಿ. ಒಳ್ಳೆಯದೇ. ಆದರೆ ಅದು ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ. ನಿಮ್ಮ ಕಾಲೇಜು ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ.

ಇಲಾಖೆಯವರಿಗೆ ನನ್ನದೊಂದು ಪ್ರಶ್ನೆ. ಹದಿನೇಳು ವರ್ಷದ ಹುಡುಗಿಗೆ ಎನ್‌ಪಿಸಿಐ ಮ್ಯಾಪಿಂಗ್ ಅರ್ಥ ಆಗಬೇಕು ಅಂತ ಯಾವ ನ್ಯಾಯ? ಹಣ ವಾಪಸ್ ಬಂದಾಗ, ಯಾವ ಬ್ಯಾಂಕಿಂದ ಬಂತು, ಯಾಕೆ ಬಂತು ಅಂತ ಆ ಮಗುವಿಗೂ ಕಾಲೇಜು ಪ್ರಿನ್ಸಿಪಾಲರಿಗೂ ಅರ್ಥವಾಗೋ ಕನ್ನಡದಲ್ಲಿ ಒಂದು ಸಾಲು ಕಳಿಸೋಕೆ ನಿಮಗೆ ಎಷ್ಟು ಖರ್ಚಾಗತ್ತೆ?

ಉತ್ತರ ಬರಲಿ, ಪ್ರಸಾರ ಮಾಡ್ತೀವಿ. ಅಲ್ಲೀವರೆಗೆ, ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಅಂತ ಇದೆ. ಇವತ್ತು ರಾತ್ರಿಯೇ ತೆಗೆದು ನೋಡಿ. ಬೇರೆ ಬ್ಯಾಂಕ್ ಹೆಸರು ಬಂದರೆ ನಾಳೆ ಬೆಳಿಗ್ಗೆ ಪಾಸ್‌ಬುಕ್, ಆಧಾರ್ ಹಿಡ್ಕೊಂಡು ನಿಮ್ಮ ಬ್ಯಾಂಕಿಗೆ ಹೋಗಿ.